ಶುಕ್ರವಾರದ ಮೂರು ಸ್ಟಾರ್, ಸೋಮವಾರದ ಖಾಲಿ ಸೀಟು

ಡಿಸೆಂಬರ್ 2025ರಲ್ಲಿ ದರ್ಶನ್ ನಟನೆಯ ‘ದಿ ಡೆವಿಲ್’ ತೆರೆಗೆ ಬಂದಾಗ ಬುಕ್‌ಮೈಶೋದಲ್ಲಿ ಟಿಕೆಟ್ ಹುಡುಕಿದವರಿಗೆ ರೇಟಿಂಗ್ ಇರಬೇಕಾದ ಜಾಗದಲ್ಲಿ ಅಂಕಿ ಕಾಣಲಿಲ್ಲ. ನ್ಯಾಯಾಲಯದ ಆದೇಶದಂತೆ ರೇಟಿಂಗ್ ಮತ್ತು ರಿವ್ಯೂ ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಇತ್ತು. ಅದಕ್ಕೆ ಒಂದು ವರ್ಷ ಮೊದಲು, ತಮಿಳಿನ ದೊಡ್ಡ ಚಿತ್ರ ‘ಕಂಗುವಾ’ ನೆಲಕಚ್ಚಿದ ಮೇಲೆ, ತಮಿಳು ನಿರ್ಮಾಪಕರ ಸಂಘವೊಂದು ಬಿಡುಗಡೆಯ ಮೊದಲ ಮೂರು ದಿನ ಆನ್‌ಲೈನ್ ವಿಮರ್ಶೆಗೆ ತಡೆ ಕೊಡಿ ಎಂದು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತ್ತು. ಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ಕೇರಳದಲ್ಲಿ ಇದು 2023ರಲ್ಲೇ ಶುರುವಾಗಿತ್ತು. ನಿರ್ದೇಶಕರೊಬ್ಬರ ಅರ್ಜಿ ಹೈಕೋರ್ಟಿನ ಮುಂದೆ ಬಂತು, ಕೊಚ್ಚಿ ಪೊಲೀಸರು ರಿವ್ಯೂ ವಿಚಾರಕ್ಕೇ ಪ್ರಕರಣ ದಾಖಲಿಸಿದರು, ಕೋರ್ಟ್ ತನಗೆ ನೆರವಾಗಲು ನೇಮಿಸಿದ ವಕೀಲರು (ಅಮಿಕಸ್ ಕ್ಯೂರಿ) 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಮೊದಲ 48 ಗಂಟೆ ವ್ಲಾಗರ್‌ಗಳು ರಿವ್ಯೂ ಹಾಕದಿರಲಿ ಎಂದು ಸಲಹೆ ಮಾಡಿತು.

ಈ ಸುದ್ದಿಗಳನ್ನೆಲ್ಲ ನಾವು ದೊಡ್ಡ ನಿರ್ಮಾಪಕ ಮತ್ತು ಯೂಟ್ಯೂಬ್ ವಿಮರ್ಶಕರ ನಡುವಿನ ಜಗಳವೆಂದು ಓದಿಕೊಳ್ಳುತ್ತಿದ್ದೇವೆ. ಈ ಜಗಳದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಕಕ್ಷಿಗಾರ ಕೋರ್ಟಿನಲ್ಲಿ ಇಲ್ಲವೇ ಇಲ್ಲ. ಆ ಕಕ್ಷಿಗಾರ ಸಣ್ಣ ಸಿನಿಮಾ. ಪೋಸ್ಟರ್ ಅಂಟಿಸಲು ದುಡ್ಡಿಲ್ಲದ, ಹೊಸಬರೇ ನಟಿಸಿದ, ಹಬ್ಬದ ವಾರ ಸಿಗದ ಸಿನಿಮಾಕ್ಕೆ ಇರುವ ಒಂದೇ ಬಂಡವಾಳ ನೋಡಿದವರ ಮಾತು. ಆ ಮಾತಿಗೆ ಬೀಗ ಬಿದ್ದರೆ ಮೊದಲು ಉಸಿರುಗಟ್ಟುವುದು ಅದಕ್ಕೇ. ಯಾಕೆ ಎಂದು ತಿಳಿಯಬೇಕಾದರೆ ಥಿಯೇಟರಿನ ವಾರ ಹೇಗೆ ಓಡುತ್ತದೆ, ರೇಟಿಂಗ್‌ನ ಅಂಕಿ ಹೇಗೆ ಹುಟ್ಟುತ್ತದೆ, ನಮ್ಮ ವಿಮರ್ಶೆಯ ಭಾಷೆ ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಥಿಯೇಟರಿನ ವಾರ

ಸ್ಟಾರ್ ನಟರ ಚಿತ್ರದ ಮೊದಲ ಮೂರು ದಿನದ ಟಿಕೆಟ್‌ಗಳಲ್ಲಿ ದೊಡ್ಡ ಪಾಲು ವಿಮರ್ಶೆ ಹುಟ್ಟುವ ಮುಂಚೆಯೇ ಮಾರಾಟವಾಗಿರುತ್ತದೆ. ಬೆಳಗಿನ ಜಾವದ ಫ್ಯಾನ್ಸ್ ಶೋ, ಅಡ್ವಾನ್ಸ್ ಬುಕಿಂಗ್, ಸಿಂಗಲ್ ಸ್ಕ್ರೀನ್‌ಗಳಲ್ಲಿ ದಿನಕ್ಕೆ ನಾಲ್ಕೈದು ಆಟ, ಮಲ್ಟಿಪ್ಲೆಕ್ಸ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಪರದೆ. ವಿಮರ್ಶಕ ಏನೇ ಬರೆದರೂ ಶುಕ್ರವಾರದ ಗಳಿಕೆ ಅಲುಗುವುದು ಕಡಿಮೆ. ಪೆಟ್ಟು ಬೀಳುವುದಾದರೆ ಸೋಮವಾರ ಬೀಳುತ್ತದೆ.

ಸಣ್ಣ ಚಿತ್ರದ ಕಥೆಯೇ ಬೇರೆ. ಅಡ್ವಾನ್ಸ್ ಬುಕಿಂಗ್ ಎನ್ನುವಂಥದ್ದು ಇರುವುದಿಲ್ಲ. ಊರಿಗೆ ಒಂದೋ ಎರಡೋ ಆಟ ಸಿಗುತ್ತದೆ, ಅದೂ ಬೆಳಿಗ್ಗೆ ಹತ್ತಕ್ಕೆ ಅಥವಾ ಮಧ್ಯಾಹ್ನ ಒಂದೂವರೆಗೆ, ದುಡಿಯುವವರು ಯಾರೂ ಬರಲಾಗದ ಹೊತ್ತಿನಲ್ಲಿ. ಸಂಜೆ ಏಳರ ಆಟ ದೊಡ್ಡ ಚಿತ್ರಕ್ಕೆ ಮೀಸಲು. ಶುಕ್ರವಾರ ಹತ್ತು ಜನ ಬಂದು ನೋಡಿ ಹೊರಗೆ ಹೇಳಬೇಕು, ಶನಿವಾರ ಮೂವತ್ತು ಆಗಬೇಕು, ಭಾನುವಾರ ಅರ್ಧ ಹಾಲ್ ತುಂಬಬೇಕು. ಹಾಗಾಗದಿದ್ದರೆ ವಾರದ ನಡುವೆ ಮುಂದಿನ ಶುಕ್ರವಾರದ ಶೋ ಪಟ್ಟಿ ತಯಾರಾಗುವಾಗ ಅದರ ಹೆಸರು ಬಿಟ್ಟುಹೋಗುತ್ತದೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರ ಬಿಡುಗಡೆಯಾಗುತ್ತವೆ, ಅಂದರೆ ವಾರಕ್ಕೆ ಸರಾಸರಿ ನಾಲ್ಕು. ಕೆಲವು ಶುಕ್ರವಾರ ಏಳೆಂಟು ಬಂದಿರುತ್ತವೆ. ಬಿಟ್ಟುಹೋದ ಜಾಗ ತುಂಬಲು ಇನ್ನೊಂದು ಚಿತ್ರ ಯಾವಾಗಲೂ ಸಿದ್ಧ.

ಇದರ ಜೊತೆಗೆ ಹಂಚಿಕೆಯ ಲೆಕ್ಕವೂ ಸಣ್ಣ ಚಿತ್ರದ ವಿರುದ್ಧವೇ ಇದೆ. 2009ರಲ್ಲಿ ಹಿಂದಿ ನಿರ್ಮಾಪಕರ ಮುಷ್ಕರದ ನಂತರ ಮಲ್ಟಿಪ್ಲೆಕ್ಸ್‌ಗಳ ಜೊತೆ ಆದ ಒಪ್ಪಂದ ನೋಡಿ: ತೆರಿಗೆ ಕಳೆದ ಗಳಿಕೆಯಲ್ಲಿ ಚಿತ್ರದ ಕಡೆಯವರಿಗೆ ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ಆಮೇಲೆ ಶೇ 30. ತೆರಿಗೆ ಬಿಟ್ಟು 200 ರೂಪಾಯಿಯ ಒಂದು ಟಿಕೆಟ್ ಮೊದಲ ವಾರ ಮಾರಿದರೆ ಚಿತ್ರದ ಕಡೆಗೆ 100 ರೂಪಾಯಿ ಬರುತ್ತದೆ. ಅದೇ ಟಿಕೆಟ್ ನಾಲ್ಕನೇ ವಾರ ಮಾರಿದರೆ 60 ರೂಪಾಯಿ. ವಿತರಕರ ಕಮಿಷನ್, ಪ್ರೊಜೆಕ್ಷನ್ ಕಂಪನಿಗೆ ಕಟ್ಟುವ ಶುಲ್ಕ ಇವೆಲ್ಲ ಅದರಲ್ಲೇ ಹೋಗಬೇಕು. ಮೊದಲ ವಾರವೇ ಜನ ಬರುವ ಚಿತ್ರಕ್ಕೆ ಈ ಏರ್ಪಾಡು ಲಾಭದ್ದು. ಬಾಯಿಂದ ಬಾಯಿಗೆ ಹಬ್ಬಿ ಮೂರನೇ ವಾರ ಜನ ಬರುವ ಚಿತ್ರ ಅಷ್ಟೇ ಟಿಕೆಟ್ ಮಾರಿಯೂ ಕಡಿಮೆ ಪಡೆಯುತ್ತದೆ.

ಈಗ ಆ 48 ಗಂಟೆಯ ಮೌನವನ್ನು ಈ ವಾರದ ಮೇಲೆ ಇಟ್ಟು ನೋಡಿ. ಶುಕ್ರವಾರ ಬೆಳಿಗ್ಗೆ ಹತ್ತರಿಂದ ಎಣಿಸಿದರೆ ಭಾನುವಾರ ಬೆಳಿಗ್ಗೆ ಹತ್ತಾಗುತ್ತದೆ. ದೊಡ್ಡ ಚಿತ್ರ ಆ ಹೊತ್ತಿಗೆ ತನ್ನ ಓಪನಿಂಗ್ ಗಳಿಸಿ ಕುಳಿತಿರುತ್ತದೆ. ಸಣ್ಣ ಚಿತ್ರಕ್ಕೆ ಉಳಿದದ್ದು ಒಂದು ಭಾನುವಾರ ಮಾತ್ರ. ಮೂರು ದಿನದ ತಡೆ ಬಂದಿದ್ದರೆ ಅದೂ ಇರುತ್ತಿರಲಿಲ್ಲ. ಎರಡೂ ಬಗೆಯ ಚಿತ್ರಕ್ಕೆ ಒಂದೇ ನಿಯಮ ಅನ್ನುವುದು ಕೇಳಲು ನ್ಯಾಯವಾಗಿ ಕಾಣುತ್ತದೆ, ನಡೆಯುವುದು ಮಾತ್ರ ಏಕಪಕ್ಷೀಯವಾಗಿ.

ಮಾತು ಮೊದಲೇ ಹರಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಜುಲೈ 2025ರಲ್ಲಿ ಬಂದ ‘ಸು ಫ್ರಮ್ ಸೋ’ ತಂಡ ಬಿಡುಗಡೆಗೆ ಮುನ್ನವೇ ಮಂಗಳೂರು ಸೇರಿದಂತೆ ಕೆಲವು ಊರುಗಳಲ್ಲಿ ಪೇಯ್ಡ್ ಪ್ರೀಮಿಯರ್, ಅಂದರೆ ಟಿಕೆಟ್ ಮಾರಿ ಮುಂಚಿತ ಪ್ರದರ್ಶನ, ಇಟ್ಟಿತು. ಹೆಸರಾಂತ ನಾಯಕನಿಲ್ಲದ ಚಿತ್ರ. ನೋಡಿದವರು ನಕ್ಕ ಸುದ್ದಿ ಶುಕ್ರವಾರದ ಮೊದಲೇ ಬೆಂಗಳೂರು ಮುಟ್ಟಿತ್ತು. ಮೊದಲ ದಿನ ಕಡಿಮೆಯಿದ್ದ ಶೋಗಳು ವಾರಾಂತ್ಯದಲ್ಲೇ ಏರಿದವು, ಚಿತ್ರ ನೂರು ಕೋಟಿ ದಾಟಿತು. 2022ರ ‘ಕಾಂತಾರ’ವನ್ನೂ ಮರೆಯಬಾರದು. ಸೆಪ್ಟೆಂಬರ್ 30ಕ್ಕೆ ಅದು ಕನ್ನಡದಲ್ಲಿ ಮಾತ್ರ ಬಂದದ್ದು. ಹಿಂದಿ ಡಬ್ಬಿಂಗ್ ಬಂದದ್ದು ಅಕ್ಟೋಬರ್ 14ಕ್ಕೆ, ಕನ್ನಡದಲ್ಲಿ ನೋಡಿದವರ ಮಾತು ಗಡಿ ದಾಟಿದ ಮೇಲೆ. ಮೊದಲೆರಡು ವಾರ ಎಲ್ಲರ ಬಾಯಿ ಕಟ್ಟಿದ್ದರೆ ಆ ಡಬ್ಬಿಂಗ್‌ಗೆ ಅಷ್ಟು ಆತುರ ಹುಟ್ಟುತ್ತಿತ್ತೇ?

ಶೇ 100 ಮತ್ತು ಶೇ 60

ರೇಟಿಂಗ್ ಅಂಕಿಗಳ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ರಾಟನ್ ಟೊಮೇಟೋಸ್‌ನ ಶೇಕಡಾವಾರಿನದು. ವಿಮರ್ಶೆಗಳನ್ನು ಒಟ್ಟುಗೂಡಿಸುವ, 1998ರಲ್ಲಿ ಅಮೆರಿಕದಲ್ಲಿ ಶುರುವಾದ ಆ ತಾಣ ಕೊಡುವ ಶೇಕಡಾ ಸಂಖ್ಯೆ ಚಿತ್ರ ಎಷ್ಟು ಚೆನ್ನಾಗಿದೆ ಎಂದು ಹೇಳುವುದೇ ಇಲ್ಲ. ಎಷ್ಟು ವಿಮರ್ಶಕರು ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲೆ ಎಂದರು ಎಂಬುದಷ್ಟೇ ಅದರ ಅರ್ಥ. ಶೇ 60 ಮುಟ್ಟಿದರೆ ಕೆಂಪು ಟೊಮೇಟೊ, ಕೆಳಗಾದರೆ ಒಡೆದು ಚಿಮ್ಮಿದ ಹಸಿರು ಟೊಮೇಟೊದ ಗುರುತು.

ಲೆಕ್ಕ ಹಾಕಿ ನೋಡೋಣ. ಒಂದು ಮನರಂಜನೆಯ ಚಿತ್ರಕ್ಕೆ ಹತ್ತು ವಿಮರ್ಶಕರೂ ಐದಕ್ಕೆ ಮೂರು ಕೊಟ್ಟರು ಎನ್ನಿ. ಹತ್ತೂ ‘ಪರವಾಗಿಲ್ಲ’, ಹಾಗಾಗಿ ಶೇ 100. ಇನ್ನೊಂದು ಧೈರ್ಯದ, ಒಡಕು ಹುಟ್ಟಿಸುವ ಚಿತ್ರಕ್ಕೆ ಆರು ಜನ ಐದಕ್ಕೆ ಐದು ಕೊಟ್ಟರು, ನಾಲ್ಕು ಜನ ಎರಡು ಕೊಟ್ಟರು. ಇದು ಶೇ 60. ಸರಾಸರಿ ತೆಗೆದರೆ ಮೊದಲನೆಯದು 3, ಎರಡನೆಯದು 3.8. ಹೆಚ್ಚು ಸರಾಸರಿ ಇರುವ ಚಿತ್ರವೇ ಕಡಿಮೆ ಶೇಕಡಾ ಹೊತ್ತು ನಿಲ್ಲುತ್ತದೆ. ಯಾರಿಗೂ ಬೇಸರ ಮಾಡದ ಚಿತ್ರಕ್ಕೆ ಈ ಅಳತೆ ಅನುಕೂಲ. ಕೆಲವರಿಗೆ ಜೀವಮಾನ ನೆನಪುಳಿಯುವ, ಕೆಲವರಿಗೆ ಒಗ್ಗದ ಚಿತ್ರಕ್ಕೆ ಅನನುಕೂಲ. ದೊಡ್ಡ ಸಂಸ್ಥೆಗಳ ಬೆಂಬಲವಿಲ್ಲದೆ ತಯಾರಾಗುವ ಸ್ವತಂತ್ರ ಚಿತ್ರಗಳಲ್ಲಿ ಬಹಳಷ್ಟು ಎರಡನೆಯ ಗುಂಪಿನವು. ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ನೂರಕ್ಕೆ ಇಷ್ಟು ಎಂದು ಸರಾಸರಿ ತೆಗೆಯುತ್ತದೆ, ಆದರೆ ಎಲ್ಲ ವಿಮರ್ಶಕರಿಗೂ ಸಮಾನ ತೂಕ ಕೊಡುವುದಿಲ್ಲ.

ಕನ್ನಡದ ಮಟ್ಟಿಗೆ ಈ ತಾಣಗಳ ತೊಂದರೆ ಇನ್ನೂ ಮೂಲದ್ದು. ಅಲ್ಲಿ ಲೆಕ್ಕಕ್ಕೆ ಬರುವುದು ಬಹುತೇಕ ಇಂಗ್ಲಿಷ್ ವಿಮರ್ಶೆ. ಪ್ರಜಾವಾಣಿಯಲ್ಲೋ ವಿಜಯ ಕರ್ನಾಟಕದಲ್ಲೋ ಬಂದ ಎಚ್ಚರದ ಬರಹ ಆ ಶೇಕಡಾದೊಳಗೆ ಸೇರುವುದೇ ಇಲ್ಲ. ಹೀಗಾಗಿ ಮೆಲ್ಬರ್ನ್‌ನಲ್ಲೋ ಡಲ್ಲಾಸ್‌ನಲ್ಲೋ ಒಂದೇ ವಾರಾಂತ್ಯ, ಒಂದೇ ಆಟಕ್ಕೆ ಬರುವ ಕನ್ನಡ ಚಿತ್ರಕ್ಕೆ ಹೋಗಬೇಕೇ ಬೇಡವೇ ಎಂದು ಯೋಚಿಸುವ ಕನ್ನಡಿಗರು ನೋಡುವ ಅಂಕಿ ಕನ್ನಡ ಓದದವರ ಅಂಕಿ.

ಇನ್ನು ನಮ್ಮದೇ ಸ್ಟಾರ್‌ಗಳು. ಐದಕ್ಕೆ ಎರಡೂವರೆ ಎಂದರೆ ಕನ್ನಡ ಪತ್ರಿಕೆಯ ಓದುಗ ‘ಕೆಟ್ಟದ್ದು’ ಎಂದೇ ಓದಿಕೊಳ್ಳುತ್ತಾನೆ, ಮೂರು ಎಂದರೆ ‘ಸಾಧಾರಣ’, ಮೂರೂವರೆ ಎಂದರೆ ‘ಚೆನ್ನಾಗಿದೆ’. ಬಹುಪಾಲು ಚಿತ್ರಗಳು ಈ ಒಂದು ಸ್ಟಾರಿನ ಅಂತರದಲ್ಲೇ ಒತ್ತಿಕೊಂಡು ನಿಂತಿರುತ್ತವೆ. ಒಂದು ಮತ್ತು ಐದು ಬಳಕೆಯಲ್ಲೇ ಇಲ್ಲ. ಐದು ಮೆಟ್ಟಿಲ ಏಣಿಯಲ್ಲಿ ಮೂರೇ ಮೆಟ್ಟಿಲು ತುಳಿದರೆ ಎರಡು ಚಿತ್ರಗಳ ನಡುವಿನ ನಿಜವಾದ ಅಂತರ ಎಲ್ಲಿ ಕಾಣಬೇಕು?

‘ಒಮ್ಮೆ ನೋಡಬಹುದು’

ಅಂಕಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ವಿಮರ್ಶೆಯ ಮಾತುಗಳು. ಬಳಸಿ ಬಳಸಿ ಸವೆದ ಕೆಲವು ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಬೇಕು, ಯಾಕೆಂದರೆ ದೊಡ್ಡ ಚಿತ್ರಕ್ಕೂ ಸಣ್ಣ ಚಿತ್ರಕ್ಕೂ ಇವು ಮಾಡುವ ಹಾನಿ ಬೇರೆ ಬೇರೆ.

‘ಒಮ್ಮೆ ನೋಡಬಹುದು.’ ಯಾರು? ಎಲ್ಲಿ? ತೆರಿಗೆ ಬಿಟ್ಟು 200 ರೂಪಾಯಿಯ ಟಿಕೆಟ್‌ಗೆ ಶೇ 18 ಜಿಎಸ್‌ಟಿ ಸೇರಿ 236 ಆಗುತ್ತದೆ. ನಾಲ್ಕು ಜನರ ಮನೆಗೆ 944 ರೂಪಾಯಿ, ಪಾರ್ಕಿಂಗ್ ಮತ್ತು ಪಾಪ್‌ಕಾರ್ನ್ ಬೇರೆ. ಈ ದುಡ್ಡು ಎಣಿಸುವವರಿಗೆ ‘ಒಮ್ಮೆ ನೋಡಬಹುದು’ ಎಂದರೆ ಏನೂ ಹೇಳಿದಂತಾಗಲಿಲ್ಲ. ದೊಡ್ಡ ಚಿತ್ರಕ್ಕೆ ಈ ಮಾತು ಹೊಗಳಿಕೆಯಾಗಿ ಸಲ್ಲುತ್ತದೆ, ಯಾಕೆಂದರೆ ನೋಡುವವರು ಹೇಗೂ ಒಮ್ಮೆ ನೋಡುತ್ತಾರೆ. ಸಣ್ಣ ಚಿತ್ರಕ್ಕೆ ಇದೇ ಮಾತು ಸಾವು, ‘ಒಟಿಟಿಗೆ ಬಂದಾಗ ನೋಡೋಣ ಬಿಡು’ ಎಂದೇ ಅದರ ಅರ್ಥವಾಗುತ್ತದೆ. ಆದರೆ ಸಣ್ಣ ಕನ್ನಡ ಚಿತ್ರ ಒಟಿಟಿಗೆ ಬರುತ್ತದೆ ಎಂಬ ಖಾತರಿಯೇ ಇಲ್ಲ. 2024ರಲ್ಲಿ ‘ಏಕಂ’ ಎಂಬ ಕನ್ನಡ ಸರಣಿ ಕೊಳ್ಳುವ ವೇದಿಕೆ ಸಿಗದೆ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ರಕ್ಷಿತ್ ಶೆಟ್ಟಿಯವರ ಸಂಸ್ಥೆ ಬೆನ್ನಿಗಿದ್ದ ಸರಣಿಗೇ ಹೀಗಾದರೆ ಹೆಸರಿಲ್ಲದವರ ಪಾಡು ಊಹಿಸಿಕೊಳ್ಳಬಹುದು.

‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ.’ ಈ ವಾಕ್ಯ ಯಾವ ನಟನಿಗೂ ಯಾವ ಚಿತ್ರಕ್ಕೂ ಹೊಂದುತ್ತದೆ, ಅದೇ ಅದರ ದೋಷ. ‘ಶಿವಮ್ಮ ಯರೇಹಂಚಿನಾಳ’ದಲ್ಲಿ ಶರಣಮ್ಮ ಚೆಟ್ಟಿ ವೃತ್ತಿಯ ನಟಿಯಲ್ಲ. ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ ಶಾಲೆಯ ಬಿಸಿಯೂಟ ಮಾಡುವ ಹೆಣ್ಣುಮಗಳು ನೆಟ್‌ವರ್ಕ್ ಮಾರ್ಕೆಟಿಂಗಿನ ಪೌಷ್ಟಿಕ ಪಾನೀಯಕ್ಕೆ ದುಡ್ಡು ಹಾಕಿ ಊರಿಗೆಲ್ಲ ಮಾರಲು ಹೊರಡುವ ಕಥೆ ಅದು. ಆ ಪಾತ್ರದ ಹಟ, ಮಾರುವ ಉತ್ಸಾಹ, ಸೋತರೂ ಒಪ್ಪಿಕೊಳ್ಳದ ಬಿಗಿ ಯಾವ ದೃಶ್ಯದಲ್ಲಿ ಹೇಗೆ ಕಾಣುತ್ತದೆ ಎಂದು ಎರಡು ಸಾಲು ಬರೆದರೆ ಓದುಗ ಟಿಕೆಟ್ ಕೊಳ್ಳುತ್ತಾನೆ. ‘ನ್ಯಾಯ ಒದಗಿಸಿದ್ದಾರೆ’ ಎಂದರೆ ಮುಂದಿನ ಸುದ್ದಿಗೆ ಹೋಗುತ್ತಾನೆ.

‘ಮೊದಲಾರ್ಧ ನಿಧಾನ.’ ಈ ಮಾತು ಅತಿ ಹೆಚ್ಚು ದುರ್ಬಳಕೆಯಾಗುವುದು. ನಿಧಾನದಲ್ಲಿ ಕನಿಷ್ಠ ಎರಡು ಜಾತಿ. ನಮಗೆ ಆಗಲೇ ಗೊತ್ತಾದ ಸಂಗತಿಯನ್ನು ಮೂರನೇ ಸಲ ಹೇಳುವ ದೃಶ್ಯದಿಂದ ಬರುವ ನಿಧಾನ ಒಂದು. ನಾಯಕನ ಪರಿಚಯದ ಹೊಡೆದಾಟ, ಅದಾದ ಮೇಲೆ ಅವನ ಬಗ್ಗೆ ಇನ್ನೊಬ್ಬನ ಹೊಗಳಿಕೆ, ಅದಾದ ಮೇಲೆ ಹಾಡು: ಮೂರೂ ಒಂದೇ ವಿಷಯ ಹೇಳುತ್ತವೆ. ಸದ್ದು ಜೋರಾಗಿದ್ದರೂ ಕಥೆ ನಿಂತಲ್ಲೇ ನಿಂತಿರುತ್ತದೆ. ಇನ್ನೊಂದು, ಕ್ಯಾಮೆರಾ ಬೇಕೆಂದೇ ಕಾಯುವುದರಿಂದ ಬರುವ ನಿಧಾನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ ನೋಡಿ. ನೂರೊಂದು ವರ್ಷದ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೇ ದಿನದ ತಿಥಿಯವರೆಗಿನ ಕಥೆ. ಮಗ ಗಡ್ಡಪ್ಪ ಬ್ರಾಂಡಿ ಕುಡಿಯುತ್ತ ಊರ ಹೊರಗೆ ನಡೆಯುತ್ತಲೇ ಇರುತ್ತಾನೆ. ಮೊಮ್ಮಗ ತಮ್ಮಣ್ಣ ಜಮೀನು ತನ್ನ ಹೆಸರಿಗೆ ಮಾಡಿಕೊಳ್ಳಲು ಅಪ್ಪನ ಸುಳ್ಳು ಮರಣ ಪತ್ರಕ್ಕೆ ಓಡಾಡುತ್ತಾನೆ. ಗಡ್ಡಪ್ಪನ ನಡಿಗೆಯನ್ನು ಕತ್ತರಿಸಿದರೆ ಚಿತ್ರ ಚುರುಕಾಗುತ್ತದೆ, ಆದರೆ ಭೂಮಿ ಬೇಡವೆನ್ನುವ ಮನುಷ್ಯ ಮತ್ತು ಭೂಮಿಗಾಗಿ ಅಪ್ಪನನ್ನೇ ಕಾಗದದಲ್ಲಿ ಸಾಯಿಸುವ ಮನುಷ್ಯ, ಇವರಿಬ್ಬರ ವ್ಯತ್ಯಾಸವೇ ಕಣ್ಣಿಗೆ ಬೀಳುವುದಿಲ್ಲ. ಆ ದೃಶ್ಯ ತೆಗೆದರೆ ಏನು ಕಳೆದುಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಏನೂ ಇಲ್ಲವಾದರೆ ಅದು ಎಳೆತ. ಏನಾದರೂ ಇದ್ದರೆ, ಏನು ಎಂದು ಬರೆಯುವುದೇ ವಿಮರ್ಶಕನ ಕೆಲಸ.

‘ಸಂಕಲನಕಾರರು ಇನ್ನಷ್ಟು ಕತ್ತರಿ ಆಡಿಸಬೇಕಿತ್ತು.’ ಎಡಿಟರ್ ಮೇಲೆ ಹೊರಿಸುವ ಈ ಆಪಾದನೆ ಹೆಚ್ಚಿನ ಸಲ ವಿಳಾಸ ತಪ್ಪಿದ ಪತ್ರ. ಯಾವ ದೃಶ್ಯ ಉಳಿಯಬೇಕು ಎಂದು ತೀರ್ಮಾನಿಸುವವರು ನಿರ್ದೇಶಕ, ನಿರ್ಮಾಪಕ, ದೊಡ್ಡ ಚಿತ್ರವಾದರೆ ನಾಯಕನಟ. ಉದ್ದಕ್ಕೆ ಕಾರಣ ಬಹಳ ಸಲ ಚಿತ್ರಕಥೆಯಲ್ಲೇ ಇರುತ್ತದೆ. ಎರಡು ಉಪಕಥೆಗಳು ಪರಸ್ಪರ ಕೊಂಡಿಯಿಲ್ಲದೆ ಓಡಿದರೆ ಎಡಿಟರ್ ಏನು ಕತ್ತರಿಸಿದರೂ ಅದು ತುಂಡುತುಂಡಾಗಿಯೇ ಕಾಣುತ್ತದೆ.

ನಿಖರವಾಗಿ ಹೇಳಿದ ಟೀಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ‘ಕಂಗುವಾ’ವೇ ಸಾಕ್ಷಿ. ಚಿತ್ರದ ಸದ್ದು ಕಿವಿಗೆ ಹೊಡೆಯುತ್ತಿದೆ ಎಂದು ಮೊದಲ ದಿನವೇ ವಿಮರ್ಶಕರೂ ಪ್ರೇಕ್ಷಕರೂ ಹೇಳಿದರು. ವಾಲ್ಯೂಮ್ ಎರಡು ಪಾಯಿಂಟ್ ಇಳಿಸಿ ಎಂದು ನಿರ್ಮಾಪಕರೇ ಥಿಯೇಟರ್‌ಗಳಿಗೆ ಸೂಚನೆ ಕೊಟ್ಟರು. ‘ತಾಂತ್ರಿಕವಾಗಿ ಶ್ರೀಮಂತ’ ಎಂದು ಎಲ್ಲರೂ ಬರೆದಿದ್ದರೆ ನಂತರದ ಪ್ರೇಕ್ಷಕರೂ ಕಿವಿ ಮುಚ್ಚಿಕೊಂಡೇ ಕೂರಬೇಕಿತ್ತು. ವಿಮರ್ಶೆಯ ಮೇಲೆ ತಡೆ ಕೇಳಿದ ಬೇಡಿಕೆಗೆ ಕಾರಣವಾದ ಚಿತ್ರಕ್ಕೇ ವಿಮರ್ಶೆಯಿಂದ ಉಪಕಾರವಾಗಿತ್ತು.

ಎರಡು ಅಳತೆಗೋಲು

ಒಂದೇ ಪುಟದಲ್ಲಿ ಒಂದು ಕಮರ್ಷಿಯಲ್ ಚಿತ್ರಕ್ಕೂ ಒಂದು ಸ್ವತಂತ್ರ ಚಿತ್ರಕ್ಕೂ ಮೂರೂವರೆ ಸ್ಟಾರ್ ಕೊಟ್ಟರೆ ಅವೆರಡೂ ಸಮ ಎಂದಲ್ಲ. ಮೊದಲನೆಯದು ತಾನು ಕೊಡುತ್ತೇನೆಂದ ಹಾಡು, ಹೊಡೆದಾಟ, ಸಿಳ್ಳೆಯ ಕ್ಷಣಗಳನ್ನು ಕೊಟ್ಟಿದೆಯೇ ಎಂದು ಅಳೆದದ್ದು. ಎರಡನೆಯದನ್ನು ಅದು ಹೊಸದಾಗಿ ಏನನ್ನು ಕಂಡಿದೆ ಎಂದು ಅಳೆದದ್ದು. ಈ ಎರಡು ಗೋಲುಗಳನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಯಾವ ಗೋಲಿನಲ್ಲಿ ಅಳೆದೆವು ಎಂದು ಓದುಗನಿಗೆ ಹೇಳದಿರುವುದು ತಪ್ಪು.

ಅದಕ್ಕಿಂತ ದೊಡ್ಡ ತಪ್ಪೊಂದಿದೆ: ದೊಡ್ಡ ಚಿತ್ರಕ್ಕೆ ಕಠಿಣ ಪ್ರಶ್ನೆ ಕೇಳದಿರುವುದು, ಸಣ್ಣ ಚಿತ್ರಕ್ಕೆ ಅನುಕಂಪದ ಅಂಕ ಕೊಡುವುದು. ‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷದ ದೈವದ ಆವೇಶವನ್ನು ಬಹುತೇಕ ಎಲ್ಲರೂ ಕೊಂಡಾಡಿದರು. ಅದೇ ಹೊತ್ತಿನಲ್ಲಿ ನಾಯಕ ನಾಯಕಿಯನ್ನು ಚಿವುಟುವ, ಕದ್ದು ನೋಡುವ ದೃಶ್ಯಗಳನ್ನು ಪ್ರೇಮವೆಂದು ತೋರಿಸಿದ್ದನ್ನು ಕೆಲವು ವಿಮರ್ಶಕರು ನೇರವಾಗಿ ಪ್ರಶ್ನಿಸಿದರು. ಆ ಪ್ರಶ್ನೆಯಿಂದ ಚಿತ್ರದ ಗಳಿಕೆಗೆ ಪೆಟ್ಟು ಬೀಳಲಿಲ್ಲ, ರಾಷ್ಟ್ರ ಪ್ರಶಸ್ತಿಗಳೂ ತಪ್ಪಲಿಲ್ಲ. ಕನ್ನಡ ಚಿತ್ರಗಳ ಪ್ರೇಮದ ದೃಶ್ಯಗಳ ಬಗ್ಗೆ ಮಾತಾಡಲು ಒಂದು ಜಾಗ ಮಾತ್ರ ಸಿಕ್ಕಿತು. ಮೆಚ್ಚಿದ ಚಿತ್ರದಲ್ಲೇ ಒಪ್ಪದ್ದನ್ನು ಹೇಳುವ ಬರಹ ಓದುಗನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸ್ವತಂತ್ರ ಚಿತ್ರದ ವಿಷಯದಲ್ಲಿ ‘ಒಳ್ಳೆಯ ಪ್ರಯತ್ನ, ಪ್ರೋತ್ಸಾಹಿಸಬೇಕು’ ಎಂಬ ಮಾತು ಬೇಗ ಬರುತ್ತದೆ. ಪ್ರೋತ್ಸಾಹ ಬೇಡುವ ದನಿಯಲ್ಲಿ ಬರೆದ ವಿಮರ್ಶೆ ಓದಿದವನಿಗೆ ಚಿತ್ರ ಔಷಧಿಯಂತೆ ಕಾಣುತ್ತದೆ. ಕ್ರೌಡ್ ಫಂಡಿಂಗ್‌ನಿಂದ ಎದ್ದ ‘ಲೂಸಿಯಾ’ 2013ರಲ್ಲಿ ಜನರನ್ನು ಸೆಳೆದದ್ದು ಅನುಕಂಪದಿಂದಲ್ಲ. ಕನಸು ಯಾವುದು, ನಿಜ ಯಾವುದು ಎಂಬ ಗಂಟನ್ನು ಬಿಡಿಸಿಕೊಳ್ಳಲು ಜನ ಎರಡನೇ ಸಲ ಹೋದರು. ತೇಜಸ್ವಿಯವರ ಕಥೆಯನ್ನು ಅವರ ಓದುಗರೇ ದುಡ್ಡು ಹಾಕಿ ಚಿತ್ರ ಮಾಡಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಗೆದ್ದದ್ದು ಅದರ ಹಾಸ್ಯ ಮತ್ತು ಕ್ರಿಕೆಟ್ ಪಂದ್ಯದಿಂದ. ಸಣ್ಣ ಚಿತ್ರದ ರುಚಿ ಏನು ಎಂದು ಬರೆಯಬೇಕು, ಅದರ ಬಡತನವನ್ನಲ್ಲ.

ಉಪಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮಂಡ್ಯದ ಹಳ್ಳಿಯ ಮಾತು, ಕೊಪ್ಪಳದ ಮಾತು, ಕರಾವಳಿಯ ಮಾತು ತೆರೆಯ ಮೇಲೆ ಬಂದಾಗ ‘ಭಾಷೆ ಅರ್ಥವಾಗುವುದು ಕಷ್ಟ’ ಎಂದು ಬೆಂಗಳೂರಿನಲ್ಲಿ ಕೂತು ಬರೆದರೆ ಆ ಊರುಗಳ ಪ್ರೇಕ್ಷಕನಿಗೆ ಅದು ಬೇರೆಯೇ ಚಿತ್ರದ ವಿಮರ್ಶೆ ಎನಿಸುತ್ತದೆ. ಎಲ್ಲಿಯ ಮಾತು, ಎಷ್ಟು ಸಹಜವಾಗಿದೆ, ಬೇರೆ ಕಡೆಯಿಂದ ಬಂದ ನಟರು ಎಲ್ಲಿ ಎಡವಿದ್ದಾರೆ ಎಂಬುದು ಬರೆಯಬೇಕಾದ ಮಾತು.

ಉತ್ಸವದ ಹೊಗಳಿಕೆ ಆರಿಹೋಗುವ ಮುನ್ನ

ಸ್ವತಂತ್ರ ಚಿತ್ರಕ್ಕೆ ಮೊದಲ ವಿಮರ್ಶೆ ಬರುವುದು ಚಿತ್ರೋತ್ಸವದಿಂದ, ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ, ಕರ್ನಾಟಕದಲ್ಲಿ ಯಾರೂ ಆ ಚಿತ್ರ ನೋಡಲಾಗದ ಹೊತ್ತಿನಲ್ಲಿ. ‘ತಿಥಿ’ ಲೊಕಾರ್ನೊದಲ್ಲಿ ಗೆದ್ದದ್ದು ಆಗಸ್ಟ್ 2015. ಕರ್ನಾಟಕದಲ್ಲಿ ಬಿಡುಗಡೆಯಾದದ್ದು ಮೇ 2016. ನಡುವೆ ಮಾರ್ಚ್ ಕೊನೆಗೆ ರಾಷ್ಟ್ರ ಪ್ರಶಸ್ತಿ ಘೋಷಣೆಯಾಗಿ ಅದರ ಹೆಸರು ಮತ್ತೆ ಬಾಯಿಗೆ ಬಂದಿತ್ತು, ಕಾವಿನ ಮೇಲೇ ಚಿತ್ರ ಬಂತು. ‘ಶಿವಮ್ಮ’ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದದ್ದು ಅಕ್ಟೋಬರ್ 2022. ಥಿಯೇಟರಿಗೆ ಬಂದದ್ದು ಜೂನ್ 2024. ಇಪ್ಪತ್ತು ತಿಂಗಳು. ಅಷ್ಟು ಹೊತ್ತಿಗೆ ಬೂಸಾನಿನ ಬರಹಗಳು ಹುಡುಕಿದರೂ ಸಿಗದಷ್ಟು ಕೆಳಗೆ ಹೋಗಿರುತ್ತವೆ.

ಈ ಅಂತರಕ್ಕೆ ನಿರ್ದೇಶಕರ ಕೈಯಲ್ಲಿ ಪೂರ್ತಿ ಪರಿಹಾರವಿಲ್ಲ. ಒಂದು ಉತ್ಸವದಿಂದ ಇನ್ನೊಂದಕ್ಕೆ ಹೋಗಬೇಕು, ಹಲವು ಉತ್ಸವಗಳು ಬಿಡುಗಡೆಯಾದ ಚಿತ್ರವನ್ನು ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ, ವಿತರಕ ಸಿಗಬೇಕು, ಪರದೆ ಸಿಗಬೇಕು. ವಿಮರ್ಶಕರ ಕೈಯಲ್ಲಿ ಇರುವುದು ಬೇರೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರವೊಂದನ್ನು ನೋಡಿ ಟಿಪ್ಪಣಿ ಬರೆದಿಟ್ಟುಕೊಂಡರೆ, ಬಿಡುಗಡೆಯ ವಾರ ಅದನ್ನು ಕನ್ನಡದಲ್ಲಿ ಪೂರ್ಣ ವಿಮರ್ಶೆಯಾಗಿ, ಗುರುವಾರವೇ ಪ್ರಕಟಿಸಬಹುದು. ಶುಕ್ರವಾರ ಹತ್ತರ ಆಟಕ್ಕೆ ಹೋಗುವ ಆ ಹತ್ತು ಜನ ಅದನ್ನು ಓದಿಯೇ ಹೋಗುತ್ತಾರೆ.

ನೂರು ಸುಳ್ಳು ವೋಟು

ನಿರ್ಮಾಪಕರ ದೂರಿನಲ್ಲಿ ನಿಜವಿಲ್ಲವೆಂದಲ್ಲ. ಅಭಿಮಾನಿಗಳ ಜಗಳದಲ್ಲಿ ಎದುರು ನಟನ ಚಿತ್ರಕ್ಕೆ ಗುಂಪಾಗಿ ಹತ್ತಕ್ಕೆ ಒಂದು ಒತ್ತುವುದು, ತಮ್ಮ ನಟನ ಚಿತ್ರಕ್ಕೆ ನೋಡದೆಯೇ ಹತ್ತು ಒತ್ತುವುದು ನಡೆಯುತ್ತಿದೆ. ಇದರ ಪೆಟ್ಟು ಯಾರಿಗೆ ಎಷ್ಟು ಎಂಬುದನ್ನೂ ಲೆಕ್ಕದಲ್ಲೇ ನೋಡಬೇಕು.

ದೊಡ್ಡ ಚಿತ್ರಕ್ಕೆ 20,000 ಪ್ರಾಮಾಣಿಕ ವೋಟು ಬಿದ್ದು ಸರಾಸರಿ 8 ಇದೆ ಎನ್ನಿ. ನೂರು ಜನ ದುರುದ್ದೇಶದಿಂದ 1 ಒತ್ತಿದರೆ ಸರಾಸರಿ 7.97ಕ್ಕೆ ಇಳಿಯುತ್ತದೆ, ಪರದೆಯ ಮೇಲೆ 8 ಎಂದೇ ಕಾಣುತ್ತದೆ. ಸಣ್ಣ ಚಿತ್ರಕ್ಕೆ 200 ಪ್ರಾಮಾಣಿಕ ವೋಟು, ಸರಾಸರಿ ಅದೇ 8. ಅದೇ ನೂರು ಸುಳ್ಳು ವೋಟು ಬಿದ್ದರೆ 5.7. ಹೊಗಳಿಕೆಯ ಸುಳ್ಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಆದರೆ ವೋಟು ಕೊಳ್ಳುವ ದುಡ್ಡು ಸಣ್ಣ ಚಿತ್ರದವರ ಬಳಿ ಇರುವುದಿಲ್ಲ. ಅಂದರೆ ರೇಟಿಂಗ್ ಕೆಟ್ಟರೂ ನಷ್ಟ ಸಣ್ಣವರಿಗೆ, ರೇಟಿಂಗ್ ಮುಚ್ಚಿದರೂ ನಷ್ಟ ಸಣ್ಣವರಿಗೆ. ಸರಿಪಡಿಸುವುದೊಂದೇ ದಾರಿ.

ಸರಿಪಡಿಸಿದ ಮಾದರಿಯೂ ಇದೆ. ಬಿಡುಗಡೆಗೆ ಮುನ್ನವೇ ಕಾಮೆಂಟ್ ಹಾಕುವ ಅವಕಾಶವನ್ನು ರಾಟನ್ ಟೊಮೇಟೋಸ್ 2019ರಲ್ಲಿ ತೆಗೆದುಹಾಕಿತು. ಅದೇ ವರ್ಷ ಟಿಕೆಟ್ ಕೊಂಡದ್ದು ಖಚಿತವಾದ ಪ್ರೇಕ್ಷಕರ ಅಂಕವನ್ನು ಬೇರೆಯಾಗಿ ತೋರಿಸಲು ಶುರುಮಾಡಿತು. ಟಿಕೆಟ್ ಮಾರುವ ತಾಣಕ್ಕೆ ಯಾರು ಟಿಕೆಟ್ ಕೊಂಡರು, ಆಟ ಎಷ್ಟು ಗಂಟೆಗೆ ಮುಗಿಯಿತು ಎಂಬುದು ಗೊತ್ತೇ ಇರುತ್ತದೆ. ಆಟ ಮುಗಿಯುವ ಮುನ್ನ ಬಂದ ವೋಟನ್ನು ಲೆಕ್ಕಕ್ಕೆ ಹಿಡಿಯದಿರುವುದು, ಒಂದರಿಂದ ಹತ್ತರವರೆಗೆ ಯಾವ ಅಂಕಕ್ಕೆ ಎಷ್ಟು ವೋಟು ಎಂಬ ಪಟ್ಟಿಯನ್ನು ತೆರೆದು ತೋರಿಸುವುದು ಕಷ್ಟದ ತಂತ್ರಜ್ಞಾನವಲ್ಲ. ಪ್ರೇಕ್ಷಕರು ಚಿತ್ರಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಐಎಂಡಿಬಿ ತಾಣದಲ್ಲಿ ಈ ಪಟ್ಟಿ ಈಗಲೂ ಸಿಗುತ್ತದೆ. ಬಿಡುಗಡೆಯ ವಾರ ಅದನ್ನು ತೆರೆದು ನೋಡಿ: 10ರ ಕಂಬ ಮತ್ತು 1ರ ಕಂಬ ಮಾತ್ರ ಎತ್ತರವಾಗಿ, 6, 7, 8 ಕುಳ್ಳಗಿದ್ದರೆ ಅದು ಅಭಿಪ್ರಾಯವಲ್ಲ, ಜಗಳ. ನೋಡಿದವರ ಅಭಿಪ್ರಾಯ ಸಾಮಾನ್ಯವಾಗಿ ಒಂದು ಕಡೆ ಗುಡ್ಡದಂತೆ ಒಟ್ಟಾಗಿರುತ್ತದೆ.

ಹಣ ಪಡೆದ ರಿವ್ಯೂ ವಿಚಾರದಲ್ಲಿ ಹೊಸ ನಿಯಮವೇ ಬೇಕಿಲ್ಲ. ಹಣವೋ ಉಡುಗೊರೆಯೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಜನವರಿ 2023ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಥಿಯೇಟರಿನೊಳಗೆ ಮೊಬೈಲ್‌ನಲ್ಲಿ ತುಣುಕು ಹಿಡಿದು ರಿವ್ಯೂಗೆ ಸೇರಿಸುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ದಂಡ ಇಟ್ಟಿದೆ. ವಿಮರ್ಶೆಗಾಗಿ ಕೃತಿಯ ಭಾಗವನ್ನು ನ್ಯಾಯಯುತವಾಗಿ ಬಳಸುವ ಹಕ್ಕನ್ನು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಕೊಟ್ಟಿದೆ, ಆದರೆ ಅದು ಬಿಡುಗಡೆಯಾದ ಟ್ರೇಲರ್, ಸ್ಟಿಲ್‌ಗಳಿಗೆ ಸರಿಹೋಗುತ್ತದೆ, ಕದ್ದು ಹಿಡಿದ ತುಣುಕಿಗಲ್ಲ. ಸುಳ್ಳು ರಿವ್ಯೂವನ್ನು ಹಿಡಿಯಲು ಇಷ್ಟು ಕೈಗಳಿರುವಾಗ ಎಲ್ಲರ ಬಾಯಿಗೂ ಒಟ್ಟಿಗೆ ಬೀಗ ಕೇಳುವುದು ಯಾಕೆ?

ಬರೆಯುವವರಿಗೆ ಒಂದು ಸಣ್ಣ ವೇಳಾಪಟ್ಟಿ ಸಾಕು. ದೊಡ್ಡ ಚಿತ್ರದ ವಿಮರ್ಶೆ ಶನಿವಾರ ಬಂದರೂ ಅದಕ್ಕೇನೂ ಆಗದು, ನಿಧಾನವಾಗಿ, ಅಂತಿಮ ಟೈಟಲ್ ಕಾರ್ಡ್‌ನಲ್ಲಿ ಹೆಸರುಗಳನ್ನು ಸರಿನೋಡಿಕೊಂಡು, ಇಂಟರ್ವಲ್ ನಂತರದ ಕಥೆ ಬಿಟ್ಟುಕೊಡದೆ ಬರೆಯಬಹುದು. ಆ ವಾರದ ಸಣ್ಣ ಚಿತ್ರಗಳಲ್ಲಿ ಒಂದನ್ನಾದರೂ ಶುಕ್ರವಾರದ ಮೊದಲ ಆಟದಲ್ಲೇ ನೋಡಿ, ಯಾವ ಥಿಯೇಟರ್, ಎಷ್ಟು ಗಂಟೆ ಎಂಬ ವಿವರದ ಸಮೇತ ಅದೇ ಸಂಜೆಗೆ ಬರೆಯಬೇಕು. ಸೋಮವಾರ ಬರೆದರೆ ಓದಿದವರು ಹೊರಡುವ ಹೊತ್ತಿಗೆ ಆಟ ಇರುವುದಿಲ್ಲ.